ಟುಕ್ಕರ್ನ್

ಉತ್ತರ ಸಮುದ್ರದ ಮಂಜಿನಿಂದ ಸೀಗಡಿ ದೋಣಿಗಳು ಬರುವುದು
ಕಣ್ಣಿಗಿಂತ ಮೊದಲು ಕಿವಿಗೆ: ಟುಕ್, ಟುಕ್, ಟುಕ್.
ಅದಕ್ಕೇ ನಮ್ಮ ಜರ್ಮನ್‌ನಲ್ಲಿ ಟುಕ್ಕರ್ನ್ ಎಂಬ ಕ್ರಿಯಾಪದ,
ಡೀಸೆಲ್ ಯಂತ್ರ ಹೆತ್ತ ಕೂಸು, ಎಂದರು ಮೇಷ್ಟ್ರು.

ವ್ಯೂಬ್ಕೆ ಬಲೆ ಹೊಲಿಯುವುದು ನಿಲ್ಲಿಸಲಿಲ್ಲ.
ಯಂತ್ರವೇ ಇಲ್ಲದ ಕಾಲಕ್ಕೆ ನಮ್ಮಜ್ಜಿಯ ಬೆರಳಿಗೆ
ಮೀನಿನ ಮುಳ್ಳು ಚುಚ್ಚಿ, ಕೀವು ತುಂಬಿ,
ಇರುಳೆಲ್ಲ ಅದೇ ಮಾತು:
'ಟುಕ್ಕರಿಸ್ತಿದೆ ಕಣೇ, ಟುಕ್ಕರಿಸ್ತಿದೆ.'
ನೋವು ಮೊದಲು. ದೋಣಿ ಆಮೇಲೆ.

ಮೇಷ್ಟ್ರು ನಿಘಂಟು ತೆರೆದರು.
ಅದರಲ್ಲಿದ್ದದ್ದು: ಬಹುಶಃ.

ಓಕ್ಕೊನ ದೋಣಿ ಮಾರಿ ಮೂರು ಚಳಿಗಾಲವಾಯಿತು.
ಕಡಲ ಒಡ್ಡಿನ ಮೇಲೆ, ಕುರಿಗಳ ನಡುವೆ,
ಅವಳು ಸಂಜೆ ಈಗಲೂ ನಿಲ್ಲುತ್ತಾಳೆ.
ನೀರು ಸುಮ್ಮನಿದೆ.
ಮಣಿಕಟ್ಟಿನಲ್ಲಿ ಮಾತ್ರ
ಯಾರೋ ಬಂದರಿಗೆ ಮರಳುತ್ತಿದ್ದಾರೆ.