ಲಾಭ

ಬಲ್ಲಾರಟ್‌ನಲ್ಲಿ ಜುಲೈ ಬಂತೆಂದರೆ ಚಳಿಗೆ ಹಲ್ಲು ಬರುತ್ತದೆ.
ನೀಲಗಿರಿ ಮರಗಳ ಸಾಲಿಗೆ ಒರಗಿ
ಒಂದು ಹುಲ್ಲಿನ ಪಿಂಡಿ. ಅದರ ಮೇಲೆ ಏನೂ ಇಲ್ಲ,
ಬಣ್ಣದ ಬಳೆಗಳಿಲ್ಲ, ಹಳದಿ ಬೊಟ್ಟಿಲ್ಲ.
ಮೂರು ಹೆಜ್ಜೆ ದೂರದಿಂದ, ಕಣ್ಣು ಮುಚ್ಚಿ,
ಒಂಬತ್ತು ವಾರ ಹೊಡೆದದ್ದು ಇದಕ್ಕೇ.

"ಗುರಿ ಎಲ್ಲಿ?" ಅಂದಿದ್ದೆ ಮೊದಲ ದಿನ.
"ಮೊದಲು ನಿನ್ನ ಹೆಗಲು ಎಲ್ಲಿದೆ ಹುಡುಕು" ಅಂದ ನೆವಿಲ್ ಪ್ರಾಸರ್.
ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ ಅವನದು.
ಹೆಸರು ಓದಿ ಮುಗಿಸುವ ಮೊದಲೇ
ಕಾಗದ ತನ್ನ ಗೂಡಿನಲ್ಲಿರುತ್ತಿತ್ತಂತೆ.
ಕೈಯನ್ನೇ ನೋಡುತ್ತ ನಿಂತ ಒಂದು ದಿನ ಮಾತ್ರ
ಸೆಬಾಸ್ಟೊಪೋಲಿನದೆಲ್ಲ ಬನಿನ್ಯೊಂಗಿಗೆ ಹೋಯಿತಂತೆ.

ಸೆಳೆ. ತೋರುಬೆರಳು ದವಡೆಯಡಿಗೆ,
ಹೆದೆ ಗಲ್ಲಕ್ಕೆ, ಮೂಗಿನ ತುದಿಗೆ.
ಬೆನ್ನಿನ ಎರಡು ಹಲಗೆ ಹತ್ತಿರವಾಗಲಿ
ಹಳೆಯ ಕದ ತಾನಾಗಿ ಮುಚ್ಚಿಕೊಳ್ಳುವಂತೆ.
ಬಿಡಬೇಡ. ಬಿಟ್ಟುಹೋಗಲಿ.

ಮನಸ್ಸು ಸುಮ್ಮನಿದ್ದರೆ ತಾನೆ!
ಬಿಲ್ಲೆತ್ತಿದರೆ ಅದಕ್ಕೆ ಗ್ಯಾಸಿನ ಬಿಲ್ಲಿನ ಚಿಂತೆ,
ಲ್ಯಾಬಿನಲ್ಲಿ ಅರ್ಧ ಕೊರೆದಿಟ್ಟ ಯಾರದೋ ದವಡೆಹಲ್ಲು,
ಅಕ್ಕನಿಗೆ ಕೊಡದೆ ಉಳಿದ ಉತ್ತರ.

ಆಗ ಎಣಿಸಲು ಹಿಡಿದೆ, ಉಸಿರೊಳಗೆ.
ದಾವಣಗೆರೆಯ ಮಂಡಿಯಲ್ಲಿ ಸೇರು ಹಿಡಿದರೆ ಅಪ್ಪ
ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ.
ಲಾಭ. ಎರಡು. ಮೂರು.
ಗಿರಾಕಿಯ ಜೊತೆ ಜಗಳವಾಡುತ್ತಲೇ ಅಳೆಯುತ್ತಿದ್ದ,
ಸೇರಿನ ಬಾಯಿ ಸವರುವ ಅಂಗೈ
ಒಂದು ಕಾಳು ಹೆಚ್ಚು ಬಿಡುತ್ತಿರಲಿಲ್ಲ,
ಕದಿಯುತ್ತಲೂ ಇರಲಿಲ್ಲ ಎಂದು ನಂಬಿದ್ದೇನೆ.

"ಏನದು ಗೊಣಗುತ್ತೀ?" ಕೇಳಿದ, ಹೇಳಿದೆ.
ಈಗ ನೆವಿಲ್ ಮೈದಾನದ ಆ ತುದಿಯಿಂದ ಕೂಗುತ್ತಾನೆ:
"ಲಾಬಾ!" ಮಹಾಪ್ರಾಣ ಕಳೆದುಕೊಂಡ ಲಾಭ.

ಮೊನ್ನೆ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ
ಮೂರು ಬೆರಳು ತಾವೇ ಎದ್ದು ದವಡೆಯಡಿ ಬಂದು ಕೂತವು.
ಹಿಂದೆ ನಿಂತವಳು "ಹಲ್ಲುನೋವೇ?" ಎಂದಳು, ಮರುಕದಿಂದ.

ಇವತ್ತು ಹದಿನೆಂಟು ಮೀಟರು. ಕಾಗದ ಹಚ್ಚಿದ್ದಾರೆ.
ಹಳದಿ ಕಂಡದ್ದೇ ಬೆರಳು ಬೆದರಿತು,
ಮೊದಲ ಬಾಣ ಹುಲ್ಲಿನೊಳಗೆ ಹಾವಿನಂತೆ ಹೋಯಿತು.
ಮ್ಯಾಗ್‌ಪೈ ಒಂದು ಕತ್ತು ಓರೆ ಮಾಡಿ ನೋಡಿತು.
ನೆವಿಲ್ ಏನೂ ಅನ್ನಲಿಲ್ಲ,
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ.

ಎರಡನೆಯದನ್ನು ಹೂಡಿ ಮತ್ತೆ ಲಾಭ ಅಂದೆ.
ಬಾಣ ಹೋದದ್ದು ತಿಳಿದದ್ದು
ಕೈ ಕಿವಿಯ ಹಿಂದೆ ಬಂದು ನಿಂತ ಮೇಲೆ.
ಎಲ್ಲಿ ನಾಟಿತು ಎಂದು ಈಗಲೇ ಕೇಳಬೇಡಿ.
ನೋಡಲು ಅಲ್ಲಿತನಕ ನಡೆಯಬೇಕು,
ಬತ್ತಳಿಕೆಯಲ್ಲಿ ಇನ್ನೂ ನಾಲ್ಕು ಉಳಿದಿವೆ.