ಒಂದೆರಡು ಕಡೆ

ಗೋಧಿ ಮೂರು ದಿನ ನೆನೆಯಬೇಕು.
ನನ್ನ ಮುನ್ಸೂಚನೆಯ ಉದ್ದವೂ ಅಷ್ಟೇ, ಮೂರು ದಿನ.
ಅದಕ್ಕೇ ಯಮೂತಾಯಿ ಸೋಮವಾರ ಬೆಳಿಗ್ಗೆ
ಗೋಧಿ ತೊಳೆಯುವ ಮೊದಲು ನನ್ನ ಕದ ಬಡಿದರು:
"ಗುರುವಾರ ಬಿಸಿಲಿದೆಯೇನಮ್ಮ?"

ಕಸಬಾ ಪೇಟೆಯ ಈ ವಾಡೆಯಲ್ಲಿ
ನಾನು ಹವಾಮಾನದವಳು. ಹೆಸರು ಯಾರಿಗೂ ಬೇಕಿಲ್ಲ.
ಶಿವಾಜಿನಗರದ ಕಚೇರಿಯಲ್ಲಿ ಕೂತು
ಜಿಲ್ಲೆಗಳಿಗೆ ಹಳದಿ, ಕೇಸರಿ ತುಂಬುತ್ತೇನೆ.
ಬಣ್ಣದಾಚೆಗೆ ನನಗೂ ಅಷ್ಟಕ್ಕಷ್ಟೇ
ಅಂದರೆ ನಂಬುವವರಿಲ್ಲ.

"ಇದೆ," ಅಂದೆ. ಬಿಸಿಲು ಹೇಳುವುದು ಸುಲಭ.
ಹತ್ತು ದಿನದಿಂದ ನಲವತ್ತರ ಕೆಳಗಿಳಿದಿಲ್ಲ ಪಾದರಸ.
ನಲ್ಲಿಯ ತಣ್ಣೀರು ಅನ್ನುವ ಮಾತೇ ಸುಳ್ಳು.
ಸ್ಕೂಟರಿನ ಸೀಟಿಗೆ ಒದ್ದೆ ಗೋಣಿ ಹಾಸಿ ಕೂರುತ್ತಾರೆ ಜನ.
ಮೂಲೆಯ ಕಬ್ಬಿನ ಗಾಣದ ಗೆಜ್ಜೆ ಮಾತ್ರ
ಮಟಮಟ ಮಧ್ಯಾಹ್ನವೂ
ಘಲ್ಲೆನ್ನುತ್ತದೆ.

ಮಂಗಳವಾರ ಕಡಲ ತೇವ ಘಟ್ಟ ಹತ್ತಿ ಬಂತು.
ಬುಧವಾರ ರಾತ್ರಿ ಪಾಳಿಯಲ್ಲಿ ಬರೆದೆ:
*ಜಿಲ್ಲೆಯ ಒಂದೆರಡು ಕಡೆ ಗುಡುಗು, ಮಿಂಚು,
ಬಿರುಗಾಳಿ ಸಹಿತ ಹಗುರ ಮಳೆಯ ಸಾಧ್ಯತೆ.*
ಎರಡು ಸಲ ಓದಿದೆ. ತಪ್ಪಿಲ್ಲ.
ಯಾವ ಒಂದು, ಯಾವ ಎರಡು
ಎಂದು ಕೇಳುವ ಖಾನೆ ನಮೂನೆಯಲ್ಲಿಲ್ಲ.
ಮುನ್ಸೂಚನೆ ತಿದ್ದಬಹುದು.
ನೆನೆದ ಗೋಧಿಯನ್ನು?

ಬೆಳಿಗ್ಗೆ ಹೇಳಬೇಕೆಂದೇ ಮಾಳಿಗೆ ಹತ್ತಿದೆ.
ಹಿತ್ತಾಳೆ ಒರಳು ಹಿಡಿದು ಒತ್ತುತ್ತಿದ್ದರು ಯಮೂತಾಯಿ,
ಹಳೇ ಸೀರೆಯ ಮೇಲೆ ಬೆಳ್ಳನೆ ಸುರುಳಿ ಸುರುಳಿ;
ರಾತ್ರಿಯೆಲ್ಲ ಪರದೆಯಲ್ಲಿ ನಾನು ನೋಡಿದ್ದೂ ಇಂಥವನ್ನೇ.
"ಊರಲ್ಲಿ ನಮ್ಮವ್ವ ಇದಕ್ಕೆ ಕುರಡಿಗೆ ಅಂತಾಳೆ," ಅಂದೆ.
"ಕುರ್ಡಈ," ಅಂದರು, ನನ್ನವ್ವನನ್ನೂ ಸೇರಿಸಿ ತಿದ್ದುವಂತೆ.
ನಗು ಬಂತು.
ಮಳೆಯ ಮಾತು ಬಾಯಲ್ಲೇ ಉಳಿಯಿತು.

ನಾಲ್ಕೂಕಾಲಿಗೆ ಪರ್ವತಿ ಗುಡ್ಡದ ಬೆನ್ನು ಕಪ್ಪಾಯಿತು.
ಮೊದಲು ಧೂಳು. ಆಮೇಲೆ ಎಲ್ಲೋ ತಗಡಿನ ಸದ್ದು.
ಯಾರದೋ ಬನಿಯನ್ನು ತಂತಿ ಬಿಟ್ಟು ಹಾರಿತು.
ನಿದ್ದೆಗಣ್ಣಲ್ಲಿ ಮೆಟ್ಟಿಲು ಹತ್ತಿ ಓಡಿದೆ.
ಸೀರೆಗೆ ನಾಲ್ಕು ಮೂಲೆ:
ಒಂದು ಯಮೂತಾಯಿ, ಒಂದು ನಾನು,
ಒಂದು ಕೆಳಮನೆಯ ತಸ್ನೀಮ, ಪರೀಕ್ಷೆಯ ಪುಸ್ತಕ ಕಂಕುಳಲ್ಲೇ ಇಟ್ಟುಕೊಂಡು.
ನಾಲ್ಕನೆಯದು ಗಾಳಿಯ ಕೈಯಲ್ಲಿತ್ತು.
ಮಿಂಚಿದಾಗ ಮೂವರೂ ಕೂತುಬಿಟ್ಟೆವು,
ಸೀರೆ ಬಿಡದೆ.

ಏಳು ನಿಮಿಷ. ನೆಲಗಡಲೆ ಗಾತ್ರದ ಆಲಿಕಲ್ಲು.
ಮುಗಿದ ಮೇಲೆ ಊರೆಲ್ಲ ಮಣ್ಣಿನ ವಾಸನೆ,
ನಮ್ಮ ಮಾಳಿಗೆಯಲ್ಲಿ ಹಸಿಹಿಟ್ಟಿನ ವಾಸನೆ.
ಅರ್ಧ ಸುರುಳಿ ಉಳಿದವು, ಅರ್ಧ
ಮತ್ತೆ ಹಾಲಾಗಿ ಮೋರಿ ಹುಡುಕುತ್ತಿದ್ದವು.

ಕಚೇರಿಗೆ ಫೋನು ಮಾಡಿದೆ.
ಅಲ್ಲಿ ಅಂಗಳದ ಮಳೆಮಾಪಕದಲ್ಲಿ ಸೊನ್ನೆ.
ಮೋಡ ಹೊಳೆ ದಾಟಲಿಲ್ಲವಂತೆ.
ಇವತ್ತು ಕಡತದಲ್ಲಿ ಮಳೆಯಿಲ್ಲ.

ಸೀರೆ ಹಿಂಡುತ್ತ ಕೇಳಿದರು: "ನಿನಗೆ ಗೊತ್ತಿತ್ತೇನಮ್ಮ?"
"ಒಂದೆರಡು ಕಡೆ ಅಂತ ಗೊತ್ತಿತ್ತು."

ಮಾಳಿಗೆಯ ಸುತ್ತ ಕಣ್ಣು ಹಾಯಿಸಿದರು,
ಲೆಕ್ಕ ಇಡುವವರ ಹಾಗೆ.
"ಇದು ಒಂದಾಯಿತು," ಅಂದರು.
"ಇನ್ನೊಂದು ಯಾರ ಮನೆಯೋ, ಪಾಪ."