ಡೆಲ್ಲಿಯಲ್ಲಿ ಏನು ನೋಡಿದೆ ಅಂದರೆ

ಐದೂವರೆಗೆ ಹಾಜರಿ. ಚಾಮರಾಜ ವೃತ್ತದ ಮಗ್ಗುಲಲ್ಲಿ
ಮೇಸ್ತ್ರಿ ಹೆಸರು ಕೂಗುತ್ತಾನೆ, ಬೀದಿದೀಪ ಇನ್ನೂ ಆರಿಲ್ಲ.
ಅರಮನೆಯ ಪಾರಿವಾಳ ಎದ್ದಿಲ್ಲ, ನಾವು ಎದ್ದಿದ್ದೇವೆ.
ಉತ್ತರ ಬಾಗಿಲಿಂದ ದೊಡ್ಡ ಗಡಿಯಾರ ಸುತ್ತಿ ಮಾರ್ಕೆಟ್ಟಿನ ತನಕ
ನನ್ನ ಪಾಲು, ಹತ್ತೊಂಬತ್ತು ವರ್ಷದಿಂದ.
ಬಂದವರೆಲ್ಲ ಅರಮನೆ ನೋಡುತ್ತಾರೆ,
ನಾನು ಅದರ ಮುಂದಿನ ನೆಲ ನೋಡಿದವಳು.

ಆ ವರ್ಷ ಊರಿಗೆ ಚೊಕ್ಕಟದ ಬಹುಮಾನ ಬಂತು.
ಇಪ್ಪತ್ತೆರಡು ಜನಕ್ಕೆ ರಾಜಧಾನಿ ತೋರಿಸುತ್ತೇವೆ
ಅಂದರು ಪಾಲಿಕೆಯವರು.
ಆರಿಸಿದ್ದು ಚೀಟಿ ಎತ್ತಿ. ನನ್ನ ಚೀಟಿ ಎತ್ತಿದ್ದು
ಆಫೀಸು ಜವಾನನ ಮಗು. ಅದಕ್ಕೊಂದು ಚಾಕಲೇಟು ಕೊಟ್ಟೆ.

ಎರಡು ರಾತ್ರಿ ರೈಲು. ಕೆಂಪಸಿದ್ದಮ್ಮ
ಡಬ್ಬಿ ತುಂಬ ನಿಪ್ಪಟ್ಟು ತಂದಿದ್ದಳು,
ಭೂಪಾಲ ದಾಟುವಷ್ಟರಲ್ಲಿ ಪುಡಿ ಮಾತ್ರ ಉಳಿಯಿತು.
ಯಾವ ಸ್ಟೇಷನ್ ಬಂದರೂ ನಾವು ಮೊದಲು
ಪ್ಲಾಟ್‌ಫಾರಮ್ಮಿನ ನೆಲವನ್ನೇ ನೋಡುವುದು.
"ಇಲ್ಲಿ ಗುಡಿಸೇ ಇಲ್ಲ ಕಣೇ." "ಇದು ಪರವಾಗಿಲ್ಲ."
ಹೋದಲ್ಲೆಲ್ಲ ನಾವೇ ಇನ್‌ಸ್ಪೆಕ್ಟರು.

ಕೆಂಪು ಕೋಟೆ ಕಂಡೆ. ನಿಜಕ್ಕೂ ಕೆಂಪೇ.
ಪಾರ್ಲಿಮೆಂಟನ್ನು ಬಸ್ಸಿನೊಳಗಿಂದ,
ಪೊಲೀಸಿನವನ ಭುಜದ ಮೇಲಿಂದ.
ಅಷ್ಟು ಅಗಲದ ರಸ್ತೆ ಕಂಡಾಗ ಎದೆ ಧಸಕ್ಕೆಂದಿತು:
ದೇವರೇ, ಇದು ಯಾರ ಪಾಲು?

ಮಾರನೇ ದಿನ ರೂಢಿ ಬಿಡಲಿಲ್ಲ, ನಾಲ್ಕೂವರೆಗೇ ಎಚ್ಚರ.
ಹಾಸಿಗೆಯ ಮೇಲೆ ಸಾಲಾಗಿ ಕೂತೆವು, ಮಾಡಲು ಕೆಲಸವಿಲ್ಲ.
ಬೆಳಕು ಹರಿದೊಡನೆ ಇಂಡಿಯಾ ಗೇಟು.
ಮೈಸೂರು ಎಂದು ಬರೆದ ಹಳದಿ ಟೋಪಿ ಹಾಕಿ ನಿಂತೆವು.

ಹಿಂದೆ ಒಬ್ಬಳು ಗುಡಿಸುತ್ತಿದ್ದಳು.
"ಅವಳು ಚೂರು ಆಚೆ ಹೋಗಲಿ," ಅಂದರು ಸಾಹೇಬರು,
"ಫೋಟೋದಲ್ಲಿ ಬರ್ತಾಳೆ."
ಹಿಂದಿ ಯಾರಿಗೂ ಬಾರದು. ನಾನೇ ಕೈ ಬೀಸಿದೆ,
ಹೀಗೆ, ನೊಣ ಓಡಿಸುವ ಹಾಗೆ.
ಅವಳು ಸರಿದಳು.
ತುಂಬ ಸಲ ಸರಿದವರು ಸರಿಯುವ ಹಾಗೆ.

ಕ್ಲಿಕ್ ಅಂದಿತು.
ಬೀಸಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಹತ್ತಿರ ಹೋದೆ. ಟೋಪಿ ತೆಗೆದೆ.
ಎದೆ ಮುಟ್ಟಿಕೊಂಡು "ಚಿಕ್ಕತಾಯಮ್ಮ" ಅಂದೆ.
ಅವಳು "ಕಮಲೇಶ್" ಅಂದಳು.
ನಮ್ಮಲ್ಲಿ ಅದು ಗಂಡಸರ ಹೆಸರು, ನಗು ಬಂತು,
ಅವಳಿಗೆ ಏನರ್ಥವಾಯಿತೋ, ಅವಳೂ ನಕ್ಕಳು.
ಪೊರಕೆ ಕೊಡು ಎಂದು ಸನ್ನೆ ಮಾಡಿದೆ. ಹೆದರುತ್ತ ಕೊಟ್ಟಳು.
ತೂಕ ಬೇರೆ, ಕಟ್ಟು ಬೇರೆ. ನಮ್ಮದು ತೆಂಗಿನ ಕಡ್ಡಿ,
ಅವಳದು ಯಾವ ಗಿಡದ್ದೋ.
ಅಂಗೈ ಬಿಚ್ಚಿ ತೋರಿಸಿದಳು: ಜಡ್ಡು ಹೆಬ್ಬೆರಳಿನ ಬುಡದಲ್ಲಿ.
ನನ್ನದು ಕಿರುಬೆರಳಿನ ಕೆಳಗೆ.

ಸಾಲುಮರದಿಂದ ನೇರಳೆ ಉದುರಿ, ಜನ ತುಳಿದು
ರಾಜಧಾನಿಯ ಕಲ್ಲುಹಾಸಿನ ತುಂಬ ಊದಾ ಕಲೆ.
ಇದು ಹೇಗೆ ಹೋಗುತ್ತೆ? ಕಾಲಲ್ಲಿ ಉಜ್ಜಿ ಕೇಳಿದೆ.
ಅವಳು ಆಕಾಶ ತೋರಿಸಿದಳು.
ದೇವರು ಅಂದಳೋ, ಮಳೆ ಅಂದಳೋ,
ನಾನು ಮಳೆ ಅಂದುಕೊಂಡೆ.
ಬಸ್ಸು ಹಾರನ್ ಹೊಡೆಯಿತು.

ಆ ಫೋಟೋಗೆ ಕಟ್ಟು ಹಾಕಿಸಿ ಎಲ್ಲರಿಗೂ ಕೊಟ್ಟರು.
ನಮ್ಮನೆಯಲ್ಲಿ ಅದು ಟೀವಿಯ ಮೇಲಿದೆ.
ಇಪ್ಪತ್ತೆರಡು ಹಳದಿ ಟೋಪಿ, ಹಿಂದೆ ಗೇಟು,
ಎಡದ ಅಂಚಿನಲ್ಲಿ ಪೊರಕೆಯ ತುದಿ, ಬೆರಳಗಲ.
"ಇದ್ಯಾರದಜ್ಜಿ?" ಎನ್ನುತ್ತಾನೆ ಮೊಮ್ಮಗ.
"ಕಮಲೇಶ್ ಅಂತ."
"ಆ ಮಾಮ ಯಾಕೆ ಫೋಟೋಗೆ ಬರಲಿಲ್ಲ?"

ಇವತ್ತು ಬೆಳಗ್ಗೆ ಉತ್ತರ ಬಾಗಿಲಲ್ಲಿ ಟೂರಿಸ್ಟ್ ಬಸ್ಸು.
ಹಿಂದಿ ಮಾತು. ಸ್ವೆಟರು ಬಿಚ್ಚುತ್ತಿದ್ದ ಹುಡುಗಿಯೊಬ್ಬಳು
ಅರಮನೆ ಹಿಂದೆ ಬೀಳುವಂತೆ ನಿಂತು
ನನ್ನತ್ತ ಕೈ ಬೀಸಿದಳು, ಹೀಗೆ.
ಸರಿದೆ.
ಪೂರ್ತಿ ಸರಿಯಲಿಲ್ಲ.
ಪೊರಕೆಯ ತುದಿಯನ್ನು ಅಲ್ಲೇ ಬಿಟ್ಟು ನಿಂತೆ,
ಅವಳ ನಗು ಮುಗಿಯುವವರೆಗೆ.
ಆಮೇಲೆ ಮಾರ್ಕೆಟ್ಟಿನ ತನಕ ಇನ್ನೂ ಬಾಕಿಯಿತ್ತು.